ಗೋಡೆ ಕುಡಿದ ಕೆಂಪು

ಬಳ್ಳಾರಿ ಹತ್ತಿರದ ಅಜ್ಜಿ ಊರಿನಲ್ಲಿ ದೀಪಾವಳಿ ಬಂತೆಂದರೆ ಗೋಡೆಗೆ ಕೆಮ್ಮಣ್ಣು ಬಳಿಯುವ ಕೆಲಸ. ಹಿಂದಿನ ರಾತ್ರಿಯೇ ಬಕೆಟ್‌ನಲ್ಲಿ ಮಣ್ಣು ನೆನೆಹಾಕುತ್ತಿದ್ದರು. ಬಳಿಯೋಕೆ ಹಳೆ ಸೀರೆಯ ತುಂಡು. ಮೊದಲ ಸಲ ಬಳಿದಾಗ ಒದ್ದೆ ಕೆಂಪು ಕಣ್ಣು ತುಂಬುತ್ತಿತ್ತು. ಒಣಗುತ್ತಾ ಹೋದ ಹಾಗೆ ಪೇಲವ. "ಗ್ವಾಡಿ ಕುಡೀತು, ಇನ್ನೊಂದು ಕೈ ಬಳೀಬೇಕು" ಅನ್ನುತ್ತಿದ್ದಳು ಅಜ್ಜಿ. ಎರಡನೇ ಕೈ ಬಿದ್ದ ಮೇಲೆ ಬೇರೆಯದೇ ಕೆಂಪು. ಅಡಿಯ ಬಣ್ಣ ಒಳಗಿನಿಂದ ಬೆಳಗಿದ ಹಾಗೆ. ಆ ಗೋಡೆಯ ಮೇಲೆ ಹೂವಿಲ್ಲ, ಬಳ್ಳಿಯಿಲ್ಲ. ಆದರೂ ಸಂಜೆ ಬಿಸಿಲು ಬಿದ್ದಾಗ ಸುಮ್ನೆ ಕೂತು ನೋಡಬೇಕು ಅನಿಸುತ್ತಿತ್ತು.

ಬರೀ ಬಣ್ಣ ತುಂಬಿದ ದೊಡ್ಡ ಕ್ಯಾನ್ವಾಸ್ ನೋಡಿ "ಇದರಲ್ಲಿ ಏನಿದೆ?" ಅಂತ ಯಾರಾದರೂ ಕೇಳಿದರೆ ನನಗೆ ಆ ಗೋಡೆಯೇ ನೆನಪಾಗುತ್ತೆ. ಇಂಥ ಚಿತ್ರಗಳಿಗೆ ಕಲರ್ ಫೀಲ್ಡ್ ಪೇಂಟಿಂಗ್ ಅಂತ ಹೆಸರು. ಬಣ್ಣದ ಹೊಲ ಅನ್ನೋಣ. ಎರೆಹೊಲ, ಮಸಾರಿ ಹೊಲ ನೋಡಿ ಬೆಳೆದ ನಮಗೆ ಅದು ಅಷ್ಟೇನೂ ದೂರದ ಮಾತಲ್ಲ.

ಬಣ್ಣಕ್ಕೂ ಭಾವಕ್ಕೂ ಗಂಟು ಹಾಕುವುದು ಬಹಳ ಹಳೆಯ ಅಭ್ಯಾಸ. ಸಿಟ್ಟಿಗೆ ಕಣ್ಣು ಕೆಂಪಾಗುತ್ತೆ, ಹೆದರಿಕೆಗೆ ಮುಖ ಬಿಳಿಚಿಕೊಳ್ಳುತ್ತೆ, ಅವಮಾನಕ್ಕೆ ಕಪ್ಪಿಡುತ್ತೆ ಅಂತೀವಲ್ವಾ? ನಾಟ್ಯಶಾಸ್ತ್ರದಲ್ಲಿ ಒಂದೊಂದು ರಸಕ್ಕೂ ಒಂದೊಂದು ಬಣ್ಣವಿದೆ. ರೌದ್ರಕ್ಕೆ ಕೆಂಪು, ಹಾಸ್ಯಕ್ಕೆ ಬಿಳಿ, ಅದ್ಭುತಕ್ಕೆ ಹಳದಿ, ಕರುಣಕ್ಕೆ ಪಾರಿವಾಳದ ಬೂದು. ಜರ್ಮನಿಯಲ್ಲಿ ಕವಿ ಗೊಯ್ಥೆ 1810ರಲ್ಲಿ ತಂದ ಬಣ್ಣಗಳ ಪುಸ್ತಕದಲ್ಲೂ ಯಾವ ಬಣ್ಣ ಮನಸ್ಸಿಗೆ ಏನು ಮಾಡುತ್ತೆ ಅನ್ನುವ ವಿಚಾರವಿದೆ. ಸುಮಾರು ನೂರು ವರ್ಷದ ನಂತರ ರಷ್ಯಾದ ಚಿತ್ರಕಾರ ಕ್ಯಾಂಡಿನ್‌ಸ್ಕಿ ಬಣ್ಣವನ್ನು ಸಂಗೀತಕ್ಕೆ ಹೋಲಿಸಿದ. ಅವನಿಗೆ ತಿಳಿನೀಲಿ ಕೊಳಲಿನ ಹಾಗೆ, ಕಡುನೀಲಿ ಚೆಲ್ಲೋ ವಾದ್ಯದ ಹಾಗೆ.

ಇವೆಲ್ಲ ಒಳ್ಳೆಯ ಪಟ್ಟಿಗಳೇ. ಆದರೆ ನನಗೆ ಪಟ್ಟಿ ಸಾಲದು. ಸಂಡೂರಿನ ಗಣಿಗಳ ಭರಾಟೆ ಜಾಸ್ತಿಯಿದ್ದ ದಿನಗಳಲ್ಲಿ ಅದಿರಿನ ಲಾರಿ ಓಡಾಡುವ ದಾರಿಯ ಗಿಡಗಳ ಎಲೆಯೆಲ್ಲ ಕೆಂಪು. ಅಜ್ಜಿ ಮನೆ ಗೋಡೆಯ ಕೆಂಪಿಗೂ ಆ ಧೂಳಿನ ಕೆಂಪಿಗೂ ಕಾರಣ ಒಂದೇ, ಮಣ್ಣಿನಲ್ಲಿರುವ ಕಬ್ಬಿಣ. ಗೋಡೆಯ ಮುಂದೆ ಮನಸ್ಸು ತಣ್ಣಗಾಗುತ್ತಿತ್ತು. ಆ ದಾರಿಯಲ್ಲಿ ಎದೆ ಹಿಡಿದುಕೊಳ್ಳುತ್ತಿತ್ತು. ಯಾವ ಪಟ್ಟಿ ಇದನ್ನು ಹೇಳೀತು?

ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂಯಾರ್ಕಿನ ಕೆಲವು ಕಲಾವಿದರು ಪಟ್ಟಿಯನ್ನು ಪಕ್ಕಕ್ಕಿಟ್ಟರು. ಬಣ್ಣ ಎಷ್ಟು ದೊಡ್ಡದು, ನಾವು ಎಷ್ಟು ಹತ್ತಿರ ನಿಂತಿದ್ದೇವೆ, ಅದರ ಅಂಚು ಹೇಗಿದೆ, ಇವು ಮುಖ್ಯವಾದವು. ಬಾರ್ನೆಟ್ ನ್ಯೂಮನ್ 1950-51ರಲ್ಲಿ ಮಾಡಿದ ಒಂದು ಕೆಂಪು ಚಿತ್ರ ಸುಮಾರು 8 ಅಡಿ ಎತ್ತರ, 18 ಅಡಿ ಅಗಲ. ನಮ್ಮ ಕಡೆಯ ಪಡಸಾಲೆಯ ಒಂದು ಗೋಡೆಯಷ್ಟು. ನಡುನಡುವೆ ಮೇಲಿಂದ ಕೆಳಗೆ ಸಣ್ಣ ಗೆರೆಗಳು, ಅಷ್ಟೇ. ದೊಡ್ಡ ಚಿತ್ರವನ್ನು ಜನ ದೂರ ನಿಂತು ನೋಡುತ್ತಾರೆ, ಇವನ್ನು ಹತ್ತಿರದಿಂದ ನೋಡಿ ಅಂತ 1951ರ ಪ್ರದರ್ಶನದಲ್ಲಿ ಅವನು ಚೀಟಿ ಅಂಟಿಸಿದ್ದ.

ಅದೇ ಗುಂಪಿನ ಮಾರ್ಕ್ ರಾಥ್ಕೋ ಹುಟ್ಟಿದ್ದು 1903ರಲ್ಲಿ, ಈಗ ಲಾಟ್ವಿಯಾದಲ್ಲಿರುವ ಊರಿನಲ್ಲಿ. ಹತ್ತನೇ ವಯಸ್ಸಿಗೆ ಅಮೆರಿಕ ಸೇರಿದ. ಫ್ರಾನ್ಸಿನ ಚಿತ್ರಕಾರ ಮಾತೀಸ್ 1911ರಲ್ಲಿ ಬರೆದ, ಇಡೀ ಕೋಣೆಯೇ ಕೆಂಪಾದ ಚಿತ್ರ 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂಗೆ ಬಂದಾಗ ಅದರ ಮುಂದೆ ಮತ್ತೆ ಮತ್ತೆ ಹೋಗಿ ನಿಲ್ಲುತ್ತಿದ್ದ. ಅವನ ಸ್ವಂತ ದಾರಿ ಗಟ್ಟಿಯಾದದ್ದೂ ಆ ಹೊತ್ತಿಗೇ. ತೆಳುವಾದ ಬಣ್ಣ, ಪದರದ ಮೇಲೆ ಪದರ. ಒಂದರ ಮೇಲೊಂದು ತೇಲುವ ಎರಡು ಮೂರು ಆಯತ. ಅಂಚು ಮಾತ್ರ ಚೂಪಿಲ್ಲ, ಹೊಗೆಯ ಹಾಗೆ ಕರಗಿರುತ್ತೆ. ಹಾಗಾಗಿ ಕಣ್ಣಿಗೆ ನಿಲ್ಲಲು ಜಾಗ ಸಿಗುವುದಿಲ್ಲ. ನೋಡುತ್ತಾ ನಿಂತರೆ ಬಣ್ಣ ಉಸಿರಾಡಿದ ಹಾಗೆ ಕಾಣುತ್ತೆ. ತನ್ನನ್ನು ಬರೀ ಬಣ್ಣಗಾರ ಅಂದರೆ ಅವನಿಗೆ ಇಷ್ಟವಾಗುತ್ತಿರಲಿಲ್ಲ. ತನಗೆ ಬೇಕಾದದ್ದು ದುರಂತ, ಪರಮಾನಂದ, ವಿನಾಶದಂಥ ಮೂಲ ಭಾವಗಳು ಅನ್ನುತ್ತಿದ್ದ. ಚಿತ್ರದ ಮುಂದೆ ಅಳುವವರು, ಅದನ್ನು ಮಾಡುವಾಗ ತಾನು ಕಂಡದ್ದನ್ನೇ ಕಾಣುತ್ತಿದ್ದಾರೆ ಅನ್ನುವುದು ಅವನ ನಂಬಿಕೆ.

ನನಗೆ ತೀರಾ ಹತ್ತಿರ ಅನಿಸುವುದು ಕಲಾವಿದೆ ಹೆಲೆನ್ ಫ್ರಾಂಕೆನ್‌ಥೇಲರ್. 1952ರಲ್ಲಿ ಆಕೆಗೆ 23 ವರ್ಷ. ಅಸ್ತರು ಬಳಿಯದ ಹಸಿ ಬಟ್ಟೆಯನ್ನು ನೆಲಕ್ಕೆ ಹಾಸಿ, ಟರ್ಪೆಂಟೈನ್ ಬೆರೆಸಿ ನೀರಾಗಿಸಿದ ಎಣ್ಣೆಬಣ್ಣ ಸುರಿದಳು. ಬಟ್ಟೆ ಬಣ್ಣವನ್ನು ಕುಡಿಯಿತು. ಅಜ್ಜಿಯ ಮಾತು ಇಲ್ಲಿ ಅಕ್ಷರಕ್ಕಕ್ಷರ ಹೊಂದುತ್ತೆ. ಮರುವರ್ಷ ಅದನ್ನು ನೋಡಿದ ಕಲಾವಿದರಾದ ಮಾರಿಸ್ ಲೂಯಿಸ್, ಕೆನೆತ್ ನೋಲಂಡ್ ಅದೇ ಹಾದಿ ಹಿಡಿದರು.

ನಮ್ಮ ದೇಶದಲ್ಲಿ ಬರೀ ಬಣ್ಣದ ಈ ಮೌನ ವಾಸುದೇವ ಗಾಯತೋಂಡೆ ಅವರ ಚಿತ್ರಗಳಲ್ಲಿದೆ. 1964ರಲ್ಲಿ ರಾಕ್‌ಫೆಲರ್ ಫೆಲೋಶಿಪ್ ಮೇಲೆ ನ್ಯೂಯಾರ್ಕಿಗೆ ಹೋಗಿದ್ದರು. ರೋಲರ್, ಚಾಕು ಹಿಡಿದು ಬಣ್ಣ ಹಚ್ಚುತ್ತಾ, ತೆಗೆಯುತ್ತಾ, ನಿಧಾನವಾಗಿ ಕೆಲಸ ಮಾಡುತ್ತಿದ್ದವರು.

ರಾಥ್ಕೋ ಬಣ್ಣಗಳು 1957ರಿಂದ ಈಚೆ ಕಪ್ಪಾಗುತ್ತಾ ಹೋದವು. 1970ರ ಫೆಬ್ರವರಿ 25ರಂದು ಅವನು ಜೀವ ಕಳೆದುಕೊಂಡ. ಅವನ ಚಿತ್ರಗಳಿಗೆಂದೇ ಕಟ್ಟಿದ, ಅಮೆರಿಕದ ಹೂಸ್ಟನ್‌ನ ಪ್ರಾರ್ಥನಾ ಮಂದಿರ ಮರುವರ್ಷ ತೆರೆಯಿತು. ಅಲ್ಲಿರುವ 14 ಚಿತ್ರಗಳೂ ಕಪ್ಪು, ಕಡು ನೇರಳೆ. ಹಾಗಾಗಿ ಕಪ್ಪು ಅಂದರೆ ಅವನ ಖಿನ್ನತೆ ಅಂತ ಬಹಳ ಜನ ಬರೆದರು. ಇದು ಮತ್ತೆ ಪಟ್ಟಿಗೇ ಮರಳಿದ ಹಾಗೆ. ತನ್ನ ಉಜ್ವಲ ಹಳದಿ, ಕೆಂಪುಗಳಲ್ಲೂ ದುರಂತವಿದೆ ಅಂತ ಅವನೇ ಹೇಳಿದ್ದ. ನಮ್ಮ ರೈತರಿಗೆ ಕಪ್ಪು ನೆಲ ಅಂದರೆ ಜೋಳ, ಹತ್ತಿ. ಅದು ದುಃಖ ಹೇಗಾದೀತು?

ಇನ್ನೊಂದು ಸಂಗತಿ ನನ್ನನ್ನು ಬಿಡುವುದಿಲ್ಲ. ಗಂಗಾವತಿ ಕಡೆ ಹಿರೇಬೆಣಕಲ್ ಬೆಟ್ಟದ ಬಂಡೆಗಳ ಮೇಲೆ ಇತಿಹಾಸಕ್ಕಿಂತ ಹಿಂದಿನ ಜನ ಕೆಂಪು ಕಾವಿಯಲ್ಲಿ ಬರೆದ ಚಿತ್ರಗಳು ಇವತ್ತಿಗೂ ಕಾಣುತ್ತವೆ. ಕಬ್ಬಿಣದಿಂದ ಬಂದ ಕೆಂಪು ಬಣ್ಣ ಬೆಳಕಿಗೆ ಜಗ್ಗುವುದಿಲ್ಲ. ಆದರೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಕೋಣೆಗೆ ರಾಥ್ಕೋ ಮಾಡಿಕೊಟ್ಟ ಐದು ದೊಡ್ಡ ಚಿತ್ರಗಳಲ್ಲಿ ಲಿಥಾಲ್ ರೆಡ್ ಅನ್ನುವ ಕೆಂಪಿತ್ತು. ಬೆಳಕಿಗೆ ತಡೆಯದ ಬಣ್ಣ ಅದು. ದೊಡ್ಡ ಕಿಟಕಿಗಳಿಂದ ಬಿಸಿಲು ಬಿದ್ದು ಹದಿನೈದೇ ವರ್ಷದಲ್ಲಿ ಮಾಸಿತು. ಕೆಲವು ಕಡೆ ತಿಳಿನೀಲಿಗೆ ತಿರುಗಿತು. 1979ರಲ್ಲಿ ಕೆಳಗಿಳಿಸಿ ಉಗ್ರಾಣಕ್ಕೆ ಸೇರಿಸಿದರು. ಮೇಲೆ ಹೊಸ ಬಣ್ಣ ಹಚ್ಚಲು ಮನಸ್ಸು ಬರಲಿಲ್ಲ. 2014ರಲ್ಲಿ ಚಿತ್ರಗಳನ್ನು ಮುಟ್ಟದೆ, ಕಳೆದುಹೋದ ಕೆಂಪನ್ನು ಪ್ರೊಜೆಕ್ಟರ್ ಬೆಳಕಿನಲ್ಲಿ ಇಂಚಿಂಚಾಗಿ ಮೇಲೆ ಬೀಳಿಸಿ ತೋರಿಸಿದರು. ದಿನಾ ಸಂಜೆ 4 ಗಂಟೆಗೆ ಆ ಬೆಳಕು ಆರಿಸುತ್ತಿದ್ದರು. ಆಗ ಮಾಸಿದ ಚಿತ್ರ ಇದ್ದ ಹಾಗೇ ಕಾಣುತ್ತಿತ್ತು.