ಲಂಡನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ವಿಮಾನದಲ್ಲಿ ಎಷ್ಟು ಹೊತ್ತು?

ಪ್ರಶ್ನೆ: ಲಂಡನ್ನಿನ ಹೀಥ್ರೂನಿಂದ ಬೆಳಿಗ್ಗೆ 9ಕ್ಕೆ ಹೊರಡುವ ವಿಮಾನ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ತಲುಪುವುದು 11.20ಕ್ಕೆ ಎಂದು ಟಿಕೆಟ್‌ನಲ್ಲಿದೆ. ವಾಪಸಿನದು ಮಧ್ಯಾಹ್ನ 12ಕ್ಕೆ ಹೊರಟು 12.20ಕ್ಕೇ ಮುಟ್ಟುತ್ತದಂತೆ! ದೂರ ಎಷ್ಟು, ನಿಜವಾಗಿ ಹಿಡಿಯುವ ಸಮಯ ಎಷ್ಟು?

ಉತ್ತರ: ನೇರ ಆಕಾಶಮಾರ್ಗದಲ್ಲಿ ಈ ಎರಡು ನಿಲ್ದಾಣಗಳ ನಡುವೆ ಸುಮಾರು 370 ಕಿ.ಮೀ. ನಿಮ್ಮ ಎರಡೂ ಪ್ರಯಾಣಗಳ ಅವಧಿ ಒಂದೇ, 1 ಗಂಟೆ 20 ನಿಮಿಷ. ಟಿಕೆಟ್‌ನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ನೆದರ್ಲೆಂಡ್ಸ್ ಗಡಿಯಾರ ಬ್ರಿಟನ್ನಿನದಕ್ಕಿಂತ ಒಂದು ಗಂಟೆ ಮುಂದೆ. ಹೋಗುವಾಗ ಆ ಗಂಟೆ ಸೇರಿಕೊಳ್ಳುತ್ತದೆ, ಬರುವಾಗ ಕಳೆದುಹೋಗುತ್ತದೆ. ಬೇಸಿಗೆಯಲ್ಲಿ ಎರಡೂ ದೇಶಗಳು ಏಕಕಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿದ್ದುವುದರಿಂದ ವರ್ಷವಿಡೀ ಇದೇ ಲೆಕ್ಕ.

ಇದು ಮೊದಲಿಂದಲೂ ಹೀಗಿರಲಿಲ್ಲ. 1940ರವರೆಗೆ ಡಚ್ಚರ, ಅಂದರೆ ನೆದರ್ಲೆಂಡ್ಸ್‌ನವರ, ಗಡಿಯಾರ ಬ್ರಿಟನ್ನಿನ ಗ್ರೀನಿಚ್ ಸಮಯಕ್ಕಿಂತ ಮುಂದಿದ್ದದ್ದು ಸುಮಾರು 20 ನಿಮಿಷ ಮಾತ್ರ. ಸೂರ್ಯನ ಲೆಕ್ಕಕ್ಕೆ ಅದೇ ಸರಿ. ಆ ವರ್ಷ ದೇಶವನ್ನು ಆಕ್ರಮಿಸಿದ ಜರ್ಮನರು ತಮ್ಮ ಸಮಯವನ್ನು ಹೇರಿದರು. ಯುದ್ಧ ಮುಗಿದರೂ ಗಡಿಯಾರ ಹಿಂದಕ್ಕೆ ಹೋಗಲಿಲ್ಲ. ಕೆಎಲ್‌ಎಂ ಎಂಬ ಡಚ್ ವಿಮಾನ ಕಂಪನಿಯ ಮೊಟ್ಟಮೊದಲ ವಿಮಾನ 1920ರ ಮೇ 17ರಂದು ಲಂಡನ್‌ನಿಂದ ಹಾರಿದ್ದೂ ಇದೇ ಸ್ಕಿಪೋಲ್‌ಗೆ. ಆಗಿನ ಪ್ರಯಾಣಿಕರಿಗೆ ನಿಮ್ಮ ಈ ಗೊಂದಲ ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ.

ಇನ್ನು ಆ 80 ನಿಮಿಷದ ವಿಷಯ. ಗಂಟೆಗೆ 800 ಕಿ.ಮೀ. ವೇಗದಲ್ಲಿ 370 ಕಿ.ಮೀ. ಅಂದರೆ ಅರ್ಧ ಗಂಟೆಯೂ ಆಗಬಾರದು. ಆದರೆ ಇಷ್ಟು ಹತ್ತಿರದ ಹಾದಿಯಲ್ಲಿ ವಿಮಾನ ಪೂರ್ಣ ವೇಗದಲ್ಲಿರುವುದು ಸ್ವಲ್ಪ ಹೊತ್ತು ಮಾತ್ರ. ಉಳಿದದ್ದೆಲ್ಲ ಏರುವುದು, ಇಳಿಯುವುದು. ಗಾಳಿಯಲ್ಲಿರುವುದು ಸಾಮಾನ್ಯವಾಗಿ 45–50 ನಿಮಿಷ. ಮಿಕ್ಕದ್ದು ನೆಲದ ಮೇಲೆ ಕಳೆಯುತ್ತದೆ. ಟಿಕೆಟ್‌ನ ಸಮಯವನ್ನು ವಿಮಾನ ಗೇಟ್ ಬಿಟ್ಟ ಕ್ಷಣದಿಂದ ಇನ್ನೊಂದು ಗೇಟ್‌ಗೆ ಬಂದು ನಿಲ್ಲುವವರೆಗೆ ಎಣಿಸುತ್ತಾರೆ. ಹೀಥ್ರೂನಲ್ಲಿ ಇರುವುದು ಎರಡೇ ರನ್‌ವೇ, ಹಾಗಾಗಿ ಹೊರಡಲು ಸರದಿ ಕಾಯಬೇಕು. ವಾಪಸು ಬರುವಾಗ ಇಳಿಯುವ ಸರದಿಗಾಗಿ ಲಂಡನ್ ಆಸುಪಾಸಿನ ಆಕಾಶದಲ್ಲಿ ಸುತ್ತು ಹಾಕಿಸುವುದೂ ಉಂಟು. ಸ್ಕಿಪೋಲ್‌ನಲ್ಲಿ 2003ರಲ್ಲಿ ಶುರುವಾದ ಪೋಲ್ಡರ್‌ಬಾನ್ ಎಂಬ ರನ್‌ವೇ ಟರ್ಮಿನಲ್‌ನಿಂದ ಎಷ್ಟು ದೂರವೆಂದರೆ, ಅಲ್ಲಿ ಇಳಿದ ವಿಮಾನ ಹೆದ್ದಾರಿಯ ಮೇಲಿನ ಸೇತುವೆ ದಾಟಿ ಕಾಲು ಗಂಟೆ ಉರುಳುತ್ತಾ ಬರಬೇಕು. ಕಿಟಕಿ ಪಕ್ಕ ಕೂತಿದ್ದರೆ ಕೆಳಗೆ ಓಡುವ ಕಾರುಗಳನ್ನು ನೋಡಬಹುದು. ಇಂಥ ಹಾದಿಗಳಲ್ಲಿ ಕಿಲೋಮೀಟರ್ ನೋಡಿ ಸಮಯ ಅಂದಾಜಿಸುವುದೇ ತಪ್ಪು ಎನ್ನುತ್ತೇನೆ ನಾನು.

ಸೆಕ್ಯೂರಿಟಿ ತಪಾಸಣೆಗೆ ಮೊದಲೇ ಹೋಗುವ ಹೊತ್ತು, ಊರಿನಿಂದ ನಿಲ್ದಾಣಕ್ಕೆ ಹೋಗಿಬರುವ ಹೊತ್ತು ಸೇರಿಸಿದರೆ ಸುಲಭವಾಗಿ ನಾಲ್ಕು ಗಂಟೆ ದಾಟುತ್ತದೆ. ಯೂರೋಸ್ಟಾರ್ ನೇರ ರೈಲು ಲಂಡನ್ ನಡುವಿನಿಂದ ಆಮ್‌ಸ್ಟರ್‌ಡ್ಯಾಮ್ ನಡುವಿಗೆ ಸುಮಾರು ನಾಲ್ಕು ಗಂಟೆಯಲ್ಲಿ ಮುಟ್ಟಿಸುತ್ತದೆ. ಬರೀ ಈ ಎರಡು ಊರುಗಳ ನಡುವೆ ಓಡಾಡುವವರಾದರೆ ಟಿಕೆಟ್ ಕೊಳ್ಳುವ ಮುನ್ನ ಅದರ ದರವನ್ನೂ ನೋಡಿ.

ಸ್ಕಿಪೋಲ್‌ನಲ್ಲಿ ವಿಮಾನ ಬದಲಿಸುವವರು ಇನ್ನೊಂದು ಗಮನಿಸಿ. ಯುರೋಪಿನ ಹಲವು ದೇಶಗಳ ನಡುವೆ ಗಡಿ ತಪಾಸಣೆಯಿಲ್ಲದೆ ಓಡಾಡಲು ಬಿಡುವ ಷೆಂಗೆನ್ ಒಪ್ಪಂದದಿಂದ ಬ್ರಿಟನ್ ಹೊರಗಿದೆ. ಅಲ್ಲಿಂದ ಬಂದು ರೋಮ್‌ಗೋ ಬರ್ಲಿನ್‌ಗೋ ಮುಂದುವರಿಯುವವರು ಷೆಂಗೆನ್ ವೀಸಾ ಹಿಡಿದು ಪಾಸ್‌ಪೋರ್ಟ್ ಸಾಲಿನಲ್ಲಿ ನಿಲ್ಲಬೇಕು, ಅದಕ್ಕೆ ಬೇರೆಯೇ ಸಮಯ ಇಟ್ಟುಕೊಳ್ಳಬೇಕು. ಒಂದೇ ಟಿಕೆಟ್‌ನಲ್ಲಿ ನೇರ ಬೆಂಗಳೂರಿನ ವಿಮಾನ ಹಿಡಿಯುವವರಿಗೆ ಆ ಸಾಲು ಎದುರಾಗುವುದಿಲ್ಲ.