ವಾಲ್ಯೂಮ್ ಏರಿಸಬೇಡಿ, ಗಾದಿ ತನ್ನಿ

ಮುಂಬಯಿಯಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ‘ಗ್ಯಾದರಿಂಗ್’ ಅನ್ನುತ್ತಾರೆ. ನನ್ನ ಮಗಳ ಶಾಲೆಗೆ ಹೇಳಿಕೊಳ್ಳುವಂಥ ಮೈದಾನವಿಲ್ಲ. ಹಾಗಾಗಿ ಗ್ಯಾದರಿಂಗ್ ನಡೆಯುವುದು ಜಿಮ್ ಹಾಲಿನಲ್ಲೇ. ಹೋದ ವರ್ಷ ಮಕ್ಕಳು ಯಕ್ಷಗಾನದ ಒಂದು ತುಣುಕು ಆಡಿದರು. ಚೆಂಡೆ ಶುರುವಾದದ್ದೇ ತಡ, ಭಾಗವತಿಕೆ ಮಾಡುತ್ತಿದ್ದ ಹುಡುಗನ ಒಂದು ಪದವೂ ತಿಳಿಯಲಿಲ್ಲ. ನನ್ನ ಪಕ್ಕ ಕುಂದಾಪುರದ ಹಿರಿಯರೊಬ್ಬರು ಕೂತಿದ್ದರು. “ಸ್ವಲ್ಪ ವಾಲ್ಯೂಮ್ ಕೊಡಿ ಮಾರಾಯ್ರೇ” ಎಂದು ಸೌಂಡಿನವನಿಗೆ ಕೂಗಿದರು. ಅವನು ಕೊಟ್ಟ. ಗದ್ದಲ ಎರಡು ಪಟ್ಟಾಯಿತು. ಪದ ಮಾತ್ರ ಮೊದಲಿನಷ್ಟೇ ಅಸ್ಪಷ್ಟ.

ಇದೇ ಚೆಂಡೆ, ಇದೇ ಪದ ಊರಿನ ಗದ್ದೆಯಲ್ಲಿ ಬಯಲಾಟವಾದಾಗ ಅಕ್ಷರ ಅಕ್ಷರವೂ ಕೇಳುತ್ತದೆ, ಅಲ್ವಾ? ಅಲ್ಲಿ ಒಮ್ಮೆ ಹೊರಟ ಸದ್ದು ವಾಪಸ್ ಬರುವುದಿಲ್ಲ. ಜಿಮ್ ಹಾಲಿನಲ್ಲಿ ಅದಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ. ಸಿಮೆಂಟಿನ ಗೋಡೆ, ತಗಡಿನ ಛಾವಣಿ, ಪಾಲಿಶ್ ಮಾಡಿದ ನೆಲ, ಎಲ್ಲವೂ ಅದನ್ನು ಎತ್ತಿ ಎತ್ತಿ ಒಗೆಯುತ್ತವೆ.

ಇದನ್ನು ಪ್ರತಿಧ್ವನಿ ಅನ್ನುವುದು ಪೂರ್ತಿ ಸರಿಯಲ್ಲ. ವಿಜಯಪುರದ ಗೋಳಗುಮ್ಮಟದಲ್ಲಿ ಚಪ್ಪಾಳೆ ತಟ್ಟಿದರೆ ಅದು ಬಿಡಿಬಿಡಿಯಾಗಿ ಹಲವು ಸಲ ಮರಳುತ್ತದೆ. ಎಣಿಸಬಹುದು. ಅದು ಪ್ರತಿಧ್ವನಿ. ಜಿಮ್‌ನಲ್ಲಿ ಸಾವಿರಾರು ಪುಟ್ಟ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಬರೀ ಗುಂಯ್ ಅನ್ನುತ್ತದೆ. ಇದಕ್ಕೆ ಅನುರಣನ ಎಂದು ಹೆಸರು.

ಸ್ಲೇಟಿನ ಮೇಲೆ ಬರೆದದ್ದನ್ನು ಒರೆಸದೆ ಅದರ ಮೇಲೇ ಮತ್ತೆ ಮತ್ತೆ ಬರೆದರೆ ಹೇಗಿರುತ್ತದೆ? ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಉಚ್ಚರಿಸುತ್ತೇವೆ. ಸದ್ದು ಅಡಗಲು 5 ಸೆಕೆಂಡ್ ಬೇಕಾದರೆ ಹಳೆಯ ಇಪ್ಪತ್ತು ಅಕ್ಷರಗಳು, ಕ್ಷೀಣವಾಗಿಯಾದರೂ, ಗಾಳಿಯಲ್ಲೇ ಇರುತ್ತವೆ. ಸ್ಲೇಟು ಬೇಡವೆಂದರೆ ಸಂಜೆ ಆರರ ದಾದರ್ ಸ್ಟೇಷನ್ ನೆನಪಿಸಿಕೊಳ್ಳಿ. ಒಳಗಿನವರು ಇಳಿಯುವ ಮೊದಲೇ ಹೊರಗಿನವರು ನುಗ್ಗುತ್ತಾರೆ. ವಾಲ್ಯೂಮ್ ಏರಿಸುವುದೆಂದರೆ ಪ್ಲಾಟ್‌ಫಾರ್ಮಿನಿಂದ ಇನ್ನಷ್ಟು ಜನರನ್ನು ತಳ್ಳುವುದು. ಸ್ಪೀಕರಿನಿಂದ ನೇರ ಬರುವ ಸದ್ದು ಎಷ್ಟು ಏರುತ್ತದೋ ಗೋಡೆಯಿಂದ ಬರುವ ಗುಂಯ್ ಕೂಡ ಅಷ್ಟೇ ಏರುತ್ತದೆ. ರಾಡಿ ನೀರನ್ನು ದೊಡ್ಡ ಕೊಡಕ್ಕೆ ಸುರಿದರೆ ತಿಳಿಯಾಗುತ್ತದೆಯೇ?

ಈ ಲೆಕ್ಕವನ್ನು ಮೊದಲು ಬಿಡಿಸಿದವರು ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಮ್ಯೂಸಿಯಂನ ಉಪನ್ಯಾಸದ ಹಾಲಿನಲ್ಲಿ ಮೇಷ್ಟ್ರ ಮಾತೇ ತಿಳಿಯುತ್ತಿರಲಿಲ್ಲ. ಬಾಯಿ ಮುಚ್ಚಿದ ಮೇಲೂ ಸದ್ದು ಸುಮಾರು 5.5 ಸೆಕೆಂಡ್ ಸುಳಿದಾಡುತ್ತಿತ್ತು. ಸರಿಮಾಡುವ ಕೆಲಸ ಇನ್ನೂ ಮೂವತ್ತು ತುಂಬದ ಸಬೈನ್ ತಲೆಗೆ ಬಂತು. ಅವರು ರಾತ್ರಿ ಹೊತ್ತು ಹತ್ತಿರದ ಸ್ಯಾಂಡರ್ಸ್ ಥಿಯೇಟರಿನ ಸೀಟಿನ ಮೆತ್ತೆಗಳನ್ನು ಹೊತ್ತು ತರುತ್ತಿದ್ದರು. ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತಾಯಿತೆಂದು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಿದ್ದರು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ವಾಪಸ್ ಹಾಕಬೇಕು. ತಾನು ಹಾಕಿಕೊಂಡ ಬಟ್ಟೆಯೂ ಸದ್ದು ಹೀರುತ್ತದೆಂದು ತಡವಾಗಿ ಹೊಳೆದು, ಅಲ್ಲಿಯವರೆಗಿನ ಸಾವಿರಾರು ಅಳತೆಗಳನ್ನೇ ಬಿಸಾಕಿದರು! ಆಮೇಲೆ ಪ್ರಯೋಗಕ್ಕೆ ಒಂದೇ ಜೊತೆ ಬಟ್ಟೆ.

ಅವರ ಸೂತ್ರ ಸರಳ. ಹಾಲಿನ ಘನ ಅಳತೆಯನ್ನು (ಉದ್ದ, ಅಗಲ, ಎತ್ತರಗಳ ಗುಣಲಬ್ಧ, ಮೀಟರ್ ಲೆಕ್ಕದಲ್ಲಿ) 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಸೆಕೆಂಡ್ ಸಿಗುತ್ತದೆ. ಹೀರಿಕೆಗೆ ಅವರು ಕೊಟ್ಟ ಅಳತೆಗೋಲು ತೆರೆದ ಕಿಟಕಿ. ಅದರೊಳಗೆ ಹೋದ ಸದ್ದು ಮರಳಿ ಬರುವುದಿಲ್ಲವಲ್ಲ! 30 ಮೀಟರ್ ಉದ್ದ, 20 ಅಗಲ, 9 ಎತ್ತರದ ಹಾಲು ಅಂದುಕೊಳ್ಳಿ. ಖಾಲಿ ಇದ್ದಾಗ ಅನುರಣನ 5 ಸೆಕೆಂಡ್ ಇದ್ದರೆ ಅದರ ಹೀರಿಕೆ ಸುಮಾರು 175 ಚದರ ಮೀಟರ್ ಕಿಟಕಿಯಷ್ಟು. ಕೂತ ಒಬ್ಬ ಮನುಷ್ಯ ಸುಮಾರು 0.45 ಚದರ ಮೀಟರ್ ಕಿಟಕಿಗೆ ಸಮ. 500 ಜನ ತುಂಬಿದರೆ 225 ಚದರ ಮೀಟರ್ ಕಿಟಕಿ ತೆರೆದಂತಾಯಿತು. ಅನುರಣನ 2.2 ಸೆಕೆಂಡಿಗೆ ಇಳಿಯುತ್ತದೆ. ಖಾಲಿ ಹಾಲಿನಲ್ಲಿ ಬೆಳಗ್ಗೆ ಮಾಡಿದ ಸೌಂಡ್ ಚೆಕ್ ಸಂಜೆಗೆ ಯಾಕೆ ಕೆಲಸಕ್ಕೆ ಬರುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಪಾಲಕರ ಸಭೆಯಲ್ಲಿ ಇದನ್ನೆಲ್ಲ ಹೇಳಿದೆ. ಒಬ್ಬರು ಗೋಡೆಗೆ ಮೊಟ್ಟೆ ಟ್ರೇ ಅಂಟಿಸೋಣ ಎಂದರು. ಈ ಮೂಢನಂಬಿಕೆ ಯಾವಾಗ ಸಾಯುತ್ತದೋ! ಟ್ರೇ ಅಂದರೆ ತೆಳು ರಟ್ಟು. ಕೀರಲು ಸದ್ದನ್ನು ಚೂರು ಹೀರುತ್ತದೆ, ಚೆಂಡೆಯ ಗುಡುಗಿಗೆ ಅದು ಲೆಕ್ಕಕ್ಕೇ ಇಲ್ಲ. ಬೆಂಕಿಯ ಅಪಾಯ ಬೇರೆ. ಇನ್ನೊಬ್ಬರು ಸ್ಪೀಕರ್ ಈಶಾನ್ಯಕ್ಕೆ ಇಡಬೇಕು ಎಂದರು. ಅದಕ್ಕೆ ನಾನು ಉತ್ತರ ಕೊಡಲಿಲ್ಲ.

ಬೇಕಾದದ್ದು ದಪ್ಪ, ಮೆತ್ತನೆಯ ವಸ್ತು. ಅದು ಜಿಮ್‌ನಲ್ಲೇ ಇತ್ತು! ಮಕ್ಕಳು ಪಲ್ಟಿ ಹೊಡೆಯುವ ಮ್ಯಾಟ್‌ಗಳನ್ನು ವೇದಿಕೆಯ ಎದುರಿನ ಗೋಡೆಗೆ ನಿಲ್ಲಿಸಿದೆವು. ಮಂಡಪ್ ಡೆಕೋರೇಟರನಿಂದ ಗಾದಿಗಳನ್ನೂ ದಪ್ಪ ಪರದೆಗಳನ್ನೂ ಬಾಡಿಗೆಗೆ ತಂದೆವು. ಪರದೆಯನ್ನು ಗೋಡೆಗೆ ಅಂಟಿಸದೆ ಒಂದು ಗೇಣು ಬಿಟ್ಟು, ನೆರಿಗೆ ನೆರಿಗೆಯಾಗಿ ಇಳಿಬಿಟ್ಟೆವು. ವೇದಿಕೆಯ ಪಕ್ಕದ ಎರಡು ದೈತ್ಯ ಸ್ಪೀಕರ್‌ಗಳ ಸದ್ದು ತಗ್ಗಿಸಿ, ಹಾಲಿನ ನಡುವೆ ಇನ್ನೆರಡು ಚಿಕ್ಕವನ್ನು ಜನರತ್ತ ಬಾಗಿಸಿ ಇಟ್ಟೆವು. ಅವು ವೇದಿಕೆಯಿಂದ 15 ಮೀಟರ್ ದೂರ. ಅಷ್ಟು ದಾರಿಗೆ ಸದ್ದಿಗೆ ಸುಮಾರು 43 ಮಿಲಿಸೆಕೆಂಡ್ ಬೇಕು. ಚಿಕ್ಕ ಸ್ಪೀಕರ್‌ಗಳಿಗೆ ಅಷ್ಟೇ ವಿಳಂಬ ಹಾಕಿದೆವು. ಇಲ್ಲವಾದರೆ ಹಿಂದಿನವರಿಗೆ ಒಂದೇ ಪದ ಎರಡು ಸಲ ಬಂದಂತಾಗುತ್ತದೆ. ಭಾಗವತ ಹುಡುಗನ ಮೈಕನ್ನು ಬಾಯಿಯ ಹತ್ತಿರ ತಂದೆವು. ದೂರ ಅರ್ಧವಾದರೆ ಸದ್ದು 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ, ಕುಂಯ್ ಎನ್ನುವ ಕಾಟವೂ ಕಮ್ಮಿ. ಚೆಂಡೆಗೆ ಮೈಕನ್ನೇ ಕೊಡಲಿಲ್ಲ. ಅದಕ್ಕೆ ಯಾವತ್ತೂ ಬೇಕಾಗಿಲ್ಲ.

ಈ ವರ್ಷವೂ ಆ ಹಿರಿಯರು ನನ್ನ ಪಕ್ಕದಲ್ಲೇ ಕೂತಿದ್ದರು. ಆಟ ಮುಗಿದ ಮೇಲೆ “ಸೌಂಡ್ ಸ್ವಲ್ಪ ಸಪ್ಪೆ” ಎಂದರು. ಪದ ತಿಳಿಯಿತಾ ಅಂತ ಕೇಳಿದೆ.

“ತಿಳಿಯದೆ ಏನು ಮಾರಾಯ್ರೇ? ಹುಡುಗ ಎರಡು ಕಡೆ ಸಾಹಿತ್ಯ ತಪ್ಪಿದ.”