ಹೆಸರು ಹೊಂದಿದ ಮಾತ್ರಕ್ಕೆ ಮುತ್ತಜ್ಜನಾಗುವುದಿಲ್ಲ

ನೆದರ್‌ಲ್ಯಾಂಡ್ಸಿನ ಪೂರ್ವಜರನ್ನು ಹುಡುಕಿಸಿಕೊಳ್ಳಲು ನನ್ನ ಬಳಿ ಬರುವವರ ಹಿರಿಯರು ಬಹುಪಾಲು ಗೇಣಿದಾರರು, ದೋಣಿ ನಡೆಸುವವರು, ದಿನಗೂಲಿಗಳು, ಪರರ ಮನೆಯಲ್ಲಿ ದುಡಿದ ಹೆಂಗಸರು. ಇಂಥವರ ಜಾಡು ಸಿಗದೆಂದು ಯಾರೂ ನಿರಾಶರಾಗಬೇಕಿಲ್ಲ. 1811ರಿಂದೀಚೆಗೆ ದೇಶದ ಬಹುಭಾಗದಲ್ಲಿ ಸರ್ಕಾರಿ ನೋಂದಣಿಯಿದೆ, ಅದಕ್ಕೂ ಹಿಂದಿನ ಕಾಲಕ್ಕೆ ಚರ್ಚುಗಳ ಪುಸ್ತಕಗಳಿವೆ. ಇಷ್ಟನ್ನು ಎಲ್ಲರೂ ತಿಳಿದುಕೊಂಡೇ ಬರುತ್ತಾರೆ. ಎಷ್ಟು ಸಲ ಹೇಳಿದರೂ ಅವರ ಮನಸ್ಸಿಗೆ ಇಳಿಯದಿರುವುದು ಒಂದೇ: ಹೆಸರು ಮತ್ತು ಊರು ಹೊಂದಿದವೆಂದ ಮಾತ್ರಕ್ಕೆ ದಾಖಲೆಯಲ್ಲಿರುವವನು ನಿಮ್ಮ ಮುತ್ತಜ್ಜನೆಂದು ಸಿದ್ಧವಾಗುವುದಿಲ್ಲ.

ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವುದು ಅಲ್ಲಿ ವ್ಯಾಪಕವಾದ ರೂಢಿಯಾಗಿತ್ತು. ಪೀಟರ್ ಎಂಬ ರೈತನ ನಾಲ್ವರು ಗಂಡುಮಕ್ಕಳು ಒಂದೇ ಊರಿನಲ್ಲಿ ಸಂಸಾರ ಹೂಡಿದರೆ, ಹತ್ತು ಹದಿನೈದು ವರ್ಷಗಳಲ್ಲಿ ಅಲ್ಲಿ ನಾಲ್ವರು ಪೀಟರ್ ಮೊಮ್ಮಕ್ಕಳಿರುತ್ತಾರೆ. ಮನೆತನಕ್ಕೆ ಸ್ಥಿರವಾದ ಕುಲನಾಮವಿದ್ದರೆ ಅದೂ ನಾಲ್ವರಿಗೂ ಒಂದೇ. ಫ್ರೀಸ್‌ಲ್ಯಾಂಡಿನಂತಹ ಪ್ರಾಂತಗಳಲ್ಲಿ 1811ರವರೆಗೂ ಅನೇಕರು ಕುಲನಾಮವಿಲ್ಲದೆ ತಂದೆಯ ಹೆಸರನ್ನಷ್ಟೇ ಸೇರಿಸಿಕೊಳ್ಳುತ್ತಿದ್ದರು. ಯಾನ್ ಎಂಬುದು ಅತಿ ಸಾಮಾನ್ಯವಾದ ಹೆಸರಾದ್ದರಿಂದ, ಯಾವ ನೆಂಟಸ್ತಿಕೆಯೂ ಇಲ್ಲದ ಮನೆಗಳಲ್ಲಿ ಏಕಕಾಲಕ್ಕೆ ‘ಪೀಟರ್ ಯಾನ್ಸ್’, ಅಂದರೆ ಯಾನ್‌ನ ಮಗ ಪೀಟರ್, ಬೆಳೆಯುತ್ತಿದ್ದುದು ಸಹಜ. ಸಾಲದ್ದಕ್ಕೆ, ಒಂದು ಮಗು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರನ್ನು ಮತ್ತೆ ಇಡುತ್ತಿದ್ದರು.

ಮಿಷಿಗನ್‌ನಿಂದ ಬಂದಿದ್ದ ಹಿರಿಯರೊಬ್ಬರು, ಅಂತರ್ಜಾಲದಲ್ಲಿ ಯಾರೋ ಕಟ್ಟಿದ್ದ ವಂಶವೃಕ್ಷವನ್ನು ಅಚ್ಚು ಹಾಕಿಸಿ ತಂದಿದ್ದರು. ದಕ್ಷಿಣ ಹಾಲೆಂಡಿನ ಹಳ್ಳಿಯೊಂದರಲ್ಲಿ 1768ರಲ್ಲಿ ದೀಕ್ಷಾಸ್ನಾನ ಪಡೆದ ಒಬ್ಬ ಪೀಟರ್‌ನ ಮೂಲಕ ಅದು ಹದಿನೇಳನೆಯ ಶತಮಾನದವರೆಗೂ ಏರಿತ್ತು. ಹಾಲೆಂಡ್ ಪ್ರಾಂತದಲ್ಲಿ 1695ರಿಂದ ಮದುವೆ ಮತ್ತು ಶವಸಂಸ್ಕಾರದ ಮೇಲೆ ತೆರಿಗೆಯಿತ್ತು. ಅನುಕೂಲಸ್ಥರು ವರ್ಗಕ್ಕೆ ತಕ್ಕಂತೆ 30, 15, 6 ಅಥವಾ 3 ಗಿಲ್ಡರ್ (ಅಲ್ಲಿನ ಅಂದಿನ ನಾಣ್ಯ) ತೆರಬೇಕಿತ್ತು, ಬಡವರಿಗೆ ವಿನಾಯಿತಿಯಿತ್ತು. ಆ ತೆರಿಗೆ ಪುಸ್ತಕದಲ್ಲಿ 1770ರಲ್ಲಿ ಅದೇ ತಂದೆಯ ಒಂದು ಮಗುವನ್ನು ಬಡವರ ಲೆಕ್ಕದಲ್ಲಿ ಹೂಳಿದ ನಮೂದಿತ್ತು. ಮಗುವಿನ ಹೆಸರನ್ನು ಬರೆದಿರಲಿಲ್ಲ. ಆದರೆ ಆ ಹೊತ್ತಿಗೆ ಆ ದಂಪತಿಗೆ ಹುಟ್ಟಿದ್ದುದು ಪೀಟರ್ ಒಬ್ಬನೇ. ಎರಡನೆಯ ವರ್ಷಕ್ಕೆ ಮಣ್ಣು ಸೇರಿದ ಕೂಸು, ಆ ವಂಶವೃಕ್ಷ ಹೇಳುವಂತೆ 1793ರಲ್ಲಿ ಮದುವೆಯಾಗಲಾರದು. ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ, ನನಗೂ ಸಂಕಟವಾಯಿತು. ಅವರ ನಿಜವಾದ ಪೂರ್ವಜ ನೆರೆಯೂರಿನಿಂದ ಕೂಲಿಗೆ ಬಂದವನೊಬ್ಬನ ಮಗನೆಂದು ಮುಂದೆ ಗೊತ್ತಾದಾಗ, ಆ ಕೂಲಿಯವನು ಏನು ಉಣ್ಣುತ್ತಿದ್ದ, ಎಂಥ ಮನೆಯಲ್ಲಿ ಇರುತ್ತಿದ್ದ ಎಂದು ಅವರು ಕೇಳಿದ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ. ಇಂಥವರಿಗಾಗಿಯೇ ಈ ಕೆಲಸ ಮಾಡಬೇಕೆನಿಸುತ್ತದೆ.

ಆದ್ದರಿಂದ ನಿಮ್ಮ ಪೀಟರ್‌ನನ್ನು ಹುಡುಕಿದರೆ ಸಾಲದು. ಆ ಊರಿನ ಉಳಿದ ಪೀಟರ್‌ಗಳನ್ನೂ ಒಬ್ಬೊಬ್ಬರಾಗಿ ಮದುವೆಯವರೆಗೆ, ಸಾಧ್ಯವಾದರೆ ಸಮಾಧಿಯವರೆಗೆ ಹಿಂಬಾಲಿಸಿ, ಅವರು ಯಾರೂ ಇವನಲ್ಲವೆಂದು ತೋರಿಸಬೇಕು. ದೀಕ್ಷಾಸ್ನಾನದ ಸಾಕ್ಷಿಗಳು ಯಾರು, ಎರಡು ದಾಖಲೆಗಳ ಸಹಿ ಒಂದೇ ಕೈಯದೋ, ಅನಾಥ ಮಕ್ಕಳಿಗೆ ಪೋಷಕರಾಗಿ ನಿಂತವರು ಯಾವ ಕಡೆಯ ಬಂಧುಗಳು ಎಂಬುದನ್ನೆಲ್ಲ ನೋಡಬೇಕಾಗುತ್ತದೆ. ಇಷ್ಟಾದರೂ ಇಬ್ಬರು ಉಳಿದುಬಿಡುವ ಸಂದರ್ಭಗಳುಂಟು; ಅಲ್ಲಿ ‘ಬಹುಶಃ’ ಎಂದು ಬರೆದು ನಿಲ್ಲಿಸುವುದೇ ಸರಿ, ಗ್ರಾಹಕರು ಎಷ್ಟೇ ಒತ್ತಾಯಿಸಿದರೂ ನಾನು ಆ ಮಾತನ್ನು ತೆಗೆಯುವುದಿಲ್ಲ.

1811ರ ನಂತರದ ಮದುವೆಗಳಿಗೆ ಲಗತ್ತಿಸಿರುವ ಕಾಗದಗಳ ಕಟ್ಟನ್ನಂತೂ ಬಿಡಲೇಬಾರದು. ವಧೂವರರ ಜನನದ ನಕಲು, ತೀರಿಹೋದ ತಂದೆತಾಯಿಯರ ಮರಣದ ನಕಲು, ತಂದೆತಾಯಿಯರಿಬ್ಬರೂ ಇಲ್ಲದಿದ್ದರೆ ಹಲವು ಕಡೆ ಅಜ್ಜ ಅಜ್ಜಿಯರ ಮರಣದ ದಾಖಲೆ ಸಹ ಅದರಲ್ಲಿರುತ್ತದೆ. ಶುಲ್ಕ ಕಟ್ಟಲಾಗದವರ ಬಡತನದ ಪ್ರಮಾಣಪತ್ರವೂ ಸಿಗುತ್ತದೆ. ವರನ ಸೈನ್ಯಸೇವೆಯ ಪ್ರಮಾಣಪತ್ರದಲ್ಲಿ ಕೆಲವೊಮ್ಮೆ ಅವನ ಎತ್ತರ, ಕಣ್ಣಿನ ಬಣ್ಣ, ಮೂಗಿನ ಆಕಾರ ಕೂಡ ಬರೆದಿರುತ್ತದೆ. ಹೆಸರಿನ ಸೂಚಿಯಲ್ಲಿ ಇವು ಯಾವುವೂ ಕಾಣುವುದಿಲ್ಲ. ಸೂಚಿಯನ್ನಷ್ಟೇ ನಕಲು ಮಾಡಿಕೊಂಡು ಬರುವವರನ್ನು ನಾನು ಮೊದಲು ಕೇಳುವುದು ಈ ಕಟ್ಟನ್ನೇ.